ನೀರು ಹಾಕಿಕೊಂಡ ದಿನ

ಹಳೆಯ ಫ್ಲಾಸ್ಕಿನ ಬಿರಡೆಗೆ ಒಂದು ವಾಸನೆ ಇರುತ್ತದೆ. ಈಗಿನ ಸ್ಟೀಲ್ ಫ್ಲಾಸ್ಕಿನದಲ್ಲ, ಒಳಗೆ ಕನ್ನಡಿಯಂಥ ಗಾಜು, ಬಾಯಿಗೆ ಕಾರ್ಕಿನ ಬಿರಡೆ ಇರುತ್ತಿತ್ತಲ್ಲ, ಅದರದು. ಎಷ್ಟು ತೊಳೆದರೂ ಹೋಗದ, ಮರದ್ದೂ ಅಲ್ಲದ ನೀರಿನದ್ದೂ ಅಲ್ಲದ ತಣ್ಣನೆಯ ವಾಸನೆ. ಹೋದ ತಿಂಗಳು ಸಿರುಗುಪ್ಪದಲ್ಲಿ ತಂಗಿಯ ಮನೆಯಲ್ಲಿ ಅದು ಮೂಗಿಗೆ ಬಡಿಯಿತು. ತಂಗಿಯ ಮಗಳು ಬಾಣಂತಿ. ಅವಳಿಗೆ ಬಿಸಿನೀರು ಹಾಕಿಡಲೆಂದು ತಂಗಿ ಅಟ್ಟದಿಂದ ಯಾವುದೋ ಕಾಲದ ಫ್ಲಾಸ್ಕು ಇಳಿಸಿ, ಬಿರಡೆ ಬಿಗಿಯಾಗಿದೆ, ತೆಗೆದುಕೊಡು ಎಂದಳು. ತೆಗೆದೆ. ತೆಗೆದವಳು ಹಾಗೇ ಕುಳಿತುಬಿಟ್ಟೆ... ಹೊರಗೆ ಅಕ್ಕಿ ಗಿರಣಿಯ ಕಡೆಯಿಂದ ಬತ್ತ ಬೇಯಿಸುವ ಹಬೆ ಬರುತ್ತಿತ್ತು. ಕೂಸು ನಿದ್ದೆಯಲ್ಲಿ ನಗುತ್ತಿತ್ತು. ನಾನು ಮಾತ್ರ ಆ ಮನೆಯಲ್ಲಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಬಳ್ಳಾರಿಯ ಒಂದು ಆಸ್ಪತ್ರೆಯ ಲ್ಯಾಬಿಗೆ ನಾನು ಹೊಸದಾಗಿ ಸೇರಿದ ಟೆಕ್ನಿಷಿಯನ್. ಕುರುಗೋಡಿನ ಹುಡುಗಿ, ಇಪ್ಪತ್ತೊಂದು ವರ್ಷ, ಗಾಂಧಿನಗರದಲ್ಲಿ ಸೋದರಮಾವನ ಮನೆಯಲ್ಲಿ ವಾಸ. ಎರಡು ಜಡೆ ಬಿಟ್ಟು ಒಂದು ಜಡೆಗೆ ಬಂದು ಬಹಳ ದಿನವಾಗಿರಲಿಲ್ಲ, ಆದರೆ ಬಿಳಿ ಕೋಟು ತೊಟ್ಟ ಮೇಲೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆ ಆಸ್ಪತ್ರೆಗೆ ಮೈಸೂರು ಕಡೆಯಿಂದ ಒಬ್ಬ ಹೆಂಗಸರ ಡಾಕ್ಟರು ಬಂದರು. ರೋಗಿಗಳಿಗೆ ಡಾಕ್ಟರಮ್ಮ, ನಮಗೆ ಮೇಡಂ. ವಯಸ್ಸು ಮೂವತ್ತೈದರ ಆಸುಪಾಸು. ಮದುವೆಯಾಗಿರಲಿಲ್ಲ. ಅದೇಕೆಂದು ಆಸ್ಪತ್ರೆಯಲ್ಲಿ ಎಲ್ಲರಿಗೂ ಒಂದೊಂದು ಕತೆ ಗೊತ್ತಿತ್ತು, ಆಕೆಗೆ ಒಂದೂ ಗೊತ್ತಿರಲಿಲ್ಲ. ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಕಾಫಿ ತರಿಸಿ ಮರೆತು, ಆರಿದ ಮೇಲೆ ಕೆನೆ ಸರಿಸಿ ಕುಡಿಯುತ್ತಿದ್ದರು. ನಮ್ಮೂರ ಬಿಸಿಲಲ್ಲಿ ಕಾಫಿ ಆರುವುದೂ ಕಷ್ಟ, ಆದರೂ ಆರಿಸುತ್ತಿದ್ದರು.

ಬೆಳಗಿನ ಹೊತ್ತು ಹೆರಿಗೆ, ಆಪರೇಷನ್. ಮಧ್ಯಾಹ್ನ ಊರೆಲ್ಲ ಬಾಗಿಲು ಮುಂದೆ ಮಾಡಿ ಮಲಗಿದಾಗ ಮೇಡಂ ಹಿಂದಿನ ಕೋಣೆ ಸೇರುತ್ತಿದ್ದರು. ಅದು ಮೊದಲು ಹಾಸಿಗೆ ದುಪ್ಪಟಿ ಇಡುತ್ತಿದ್ದ ಕೋಣೆ. ಕಿಟಕಿಯ ಗಾಜಿಗೆ ನೀಲಿ ಬಳಿದಿದ್ದರು. ಹೊರಗೆ ಬಂಡೆ ಸುಡುತ್ತಿದ್ದರೂ ಒಳಗೆ ನೀರಿನ ತಳದಲ್ಲಿ ಕುಳಿತಂಥ ಬೆಳಕು. ಅಲ್ಲಿ ನಾವಿಬ್ಬರೇ. ಗರ್ಭಚೀಲದ ಆಪರೇಷನ್ ಆದ ಕೆಲವು ಹೆಂಗಸರ ಅಂಡಾಶಯವನ್ನೂ ತೆಗೆಯಬೇಕಾಗುತ್ತಿತ್ತು. ಮೇಡಂ ಮೊದಲೇ ಆ ಹೆಂಗಸರನ್ನು ಕೇಳಿ, ಒಪ್ಪಿದವರದನ್ನು ಮಾತ್ರ ತರುತ್ತಿದ್ದರು. ಅದರ ಮೇಲೆ ಸಣ್ಣ ಸಣ್ಣ ನೀರಿನ ಗುಳ್ಳೆಗಳು. ಫಾಲಿಕಲ್ ಎನ್ನುತ್ತಾರೆ. ಪ್ರತಿ ಗುಳ್ಳೆಯಲ್ಲೂ ಒಂದು ತತ್ತಿ, ಅದರ ಸುತ್ತ ಒಳಗೋಡೆಗೆ ಅಂಟಿಕೊಂಡ ಸಾವಿರಾರು ಜೀವಕೋಶ. ಸೂಜಿಯಿಂದ ಆ ನೀರು ಎಳೆದು, ಕೋಶಗಳನ್ನು ತೊಳೆದು, ಒಂದು ಹನಿ ಗಾಜಿನ ಮೇಲಿಟ್ಟು, "ಬಾಮ್ಮ, ನೋಡು" ಎನ್ನುತ್ತಿದ್ದರು. ಮೊದಲ ಸಲ ನೋಡಿದಾಗ ನಾನು ಉಸಿರು ಬಿಟ್ಟೆನೋ ಇಲ್ಲವೋ ನೆನಪಿಲ್ಲ. ನನ್ನ ಒಳಗೂ ಇದೇ ಇದೆ ಎಂದು ತಿಳಿದು ಎಷ್ಟೋ ದಿನ ನಡೆಯುವಾಗ ಹಗುರಾಗಿ ಹೆಜ್ಜೆ ಇಡುತ್ತಿದ್ದೆ.

ಮೇಡಂ ಹುಡುಕುತ್ತಿದ್ದದ್ದು ಆ ಕೋಶಗಳ ಮೇಲಿನ ರಿಸೆಪ್ಟರುಗಳನ್ನು. ನನಗೆ ಅರ್ಥವಾಗಲೆಂದು ಅದನ್ನು ಕಿವಿ ಎಂದು ಕರೆದರು. ತಲೆಯೊಳಗಿನ ಒಂದು ಗ್ರಂಥಿಯಿಂದ ಎರಡು ಹಾರ್ಮೋನು ರಕ್ತಕ್ಕೆ ಬರುತ್ತವೆ. ಮೊದಲನೆಯದನ್ನು ಕೇಳುವ ಕಿವಿ ಕೋಶಕ್ಕೆ ಆಗಲೇ ಇರುತ್ತದೆ. ಅದು ಗುಳ್ಳೆಯನ್ನು ಬೆಳೆಸುತ್ತದೆ. ಬೆಳೆಸುತ್ತ ಬೆಳೆಸುತ್ತ ಅದೇ ಕೋಶದ ಮೇಲೆ ಎರಡನೆಯ ಹಾರ್ಮೋನಿಗೆ ಬೇಕಾದ ಕಿವಿಯನ್ನೂ ಹುಟ್ಟಿಸುತ್ತದೆ. ಆ ಕಿವಿ ಬಂದ ಮೇಲೇ ಎರಡನೆಯದರ ಮಾತು ಕೇಳಿಸುವುದು, ತತ್ತಿ ಪಕ್ವವಾಗಿ ಹೊರಬೀಳುವುದು. ಆ ಮಾತು ಜೋರಾಗಿ ಬಂದುಹೋದ ಮೇಲೆ ಕೋಶ ತನ್ನ ಕಿವಿಗಳನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ.

"ಎರಡನೇದು ರಕ್ತದಲ್ಲಿ ಮೊದಲಿಂದ್ಲೂ ಇರತ್ತೆ ಕಣಮ್ಮ. ಕೇಳೋರು ತಯಾರಾಗೋ ತನಕ ಅದು ಇದ್ದೂ ಇಲ್ಲ" ಎಂದಿದ್ದರು ಒಂದು ಮಧ್ಯಾಹ್ನ, ಆರಿದ ಕಾಫಿಯ ಲೋಟ ಹಿಡಿದು.

ಯಾವ ದಿನ, ಎಷ್ಟು ಕಿವಿ? ಅದು ಅವರ ಪ್ರಶ್ನೆ. ಎಣಿಸುವ ಯಂತ್ರ ನಮ್ಮಲ್ಲಿರಲಿಲ್ಲ. ಐಸ್‌ಕ್ಯಾಂಡಿ ಫ್ಯಾಕ್ಟರಿಯಿಂದ ಐಸ್ ತರಿಸಿ, ಪುಡಿ ಮಾಡಿ, ಉಪ್ಪು ಬೆರೆಸಿ, ದೊಡ್ಡ ಫ್ಲಾಸ್ಕಿಗೆ ತುಂಬಿ, ನಡುವೆ ಕೋಶಗಳ ಕೊಳವೆ ಇಟ್ಟು ಬಿರಡೆ ಒತ್ತುವುದು ನನ್ನ ಕೆಲಸ. ಫ್ಲಾಸ್ಕು ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಿತ್ತು. ಅಲ್ಲಿನ ಒಂದು ಪ್ರಯೋಗಾಲಯದವರು ವಿಕಿರಣದ ಗುರುತು ಹಚ್ಚಿದ ಹಾರ್ಮೋನು ಬೆರೆಸಿ, ಎಷ್ಟು ಅಂಟಿಕೊಂಡಿತೆಂದು ಎಣಿಸಿ, ಅಂಕಿಗಳನ್ನು ಪತ್ರದಲ್ಲಿ ಕಳಿಸುತ್ತಿದ್ದರು. ಖಾಲಿ ಫ್ಲಾಸ್ಕು ಒದ್ದೆ ಬಿರಡೆಯೊಂದಿಗೆ ವಾಪಸು ಬರುತ್ತಿತ್ತು.

ನನ್ನ ಇನ್ನೊಂದು ಕೆಲಸ ರಿಜಿಸ್ಟರು. ಪ್ರತಿ ಹೆಂಗಸಿನ ಮಂಚದ ಹತ್ತಿರ ಹೋಗಿ, ಇವತ್ತು ತಿಂಗಳಿನ ಎಷ್ಟನೆಯ ದಿನ ಎಂದು ಕೇಳಿ ಬರೆಯಬೇಕು. ಮೇಡಂ ಮೊದಲ ವಾರವೇ ಬಿಡಿಸಿ ಹೇಳಿದ್ದರು: ರಕ್ತ ಕಂಡ ಮೊದಲನೆಯ ದಿನವೇ ಒಂದು, ಅಲ್ಲಿಂದ ಎಣಿಸು. ನಾನು ಹೂಂ ಎಂದು ತಲೆ ಆಡಿಸಿದ್ದೆ. ತಲೆ ಆಡಿಸುವುದಕ್ಕೇನು, ಕೋಲೆಬಸವನೂ ಆಡಿಸುತ್ತದೆ.

ಮಂಚದ ಹತ್ತಿರ ಹೋಗಿ ನಿಂತಾಗ ಮಾತು ಬಾಯಿಂದ ಹೊರಡಲಿಲ್ಲ. ಊರ ಕಡೆಯ ಹೆಂಗಸು, ಪಕ್ಕದಲ್ಲಿ ಅತ್ತೆ, ಬಾಗಿಲಲ್ಲಿ ಮಾವ, ಗಂಡ, ಮೈದುನ. ರಕ್ತ ಯಾವತ್ತು ಕಂಡಿತು ಎಂದು ಮದುವೆಯಾಗದ ನಾನು ಅವರೆದುರು ಹೇಗೆ ಕೇಳಲಿ? ನಮ್ಮ ಕಡೆ ಅದಕ್ಕೆ ಮರ್ಯಾದೆಯ ಮಾತೊಂದಿತ್ತು. ತೆಕ್ಕಲಕೋಟೆಯಿಂದ ಬಂದಿದ್ದ ಒಬ್ಬಾಕೆಗೆ ಹಾಗೇ ಕೇಳಿದೆ: "ನೀರು ಹಾಕ್ಕೊಂಡು ಎಷ್ಟು ದಿನ ಆತ್ರಿ?" ಆಕೆ ಕ್ಷಣವೂ ತಡೆಯದೆ ಆರು ಎಂದಳು. ಅತ್ತೆಯೂ ಹೌದೆಂದಳು. ಗಂಡಸರಿಗೆ ಕೇಳಿಸಿದರೂ ಕೇಳಿಸದಂತಿದ್ದರು. ಎಷ್ಟು ಸಲೀಸು! ಆರು ಎಂದು ಬರೆದುಕೊಂಡೆ.

ಹೊರಗಾದ ಹೆಂಗಸು ತಲೆಯ ಮೇಲೆ ನೀರು ಹಾಕಿಕೊಂಡು ಒಳಗೆ ಬಂದ ದಿನದಿಂದ ಎಣಿಕೆ. ನಮ್ಮ ಮನೆಯಲ್ಲಿ ಅವ್ವ, ಅಜ್ಜಿ ಎಲ್ಲರೂ ಎಣಿಸುತ್ತಿದ್ದದ್ದು ಹಾಗೆಯೇ. ಅದಕ್ಕೆ ಮುಂಚಿನ ದಿನಗಳು ಯಾವ ಲೆಕ್ಕಕ್ಕೂ ಇಲ್ಲ. ಆ ದಿನಗಳಲ್ಲಿ ಹೆಂಗಸೇ ಲೆಕ್ಕಕ್ಕಿಲ್ಲ, ಇನ್ನು ದಿನ ಯಾರು ಎಣಿಸುತ್ತಾರೆ? ಆಂಧ್ರದ ಗಡಿಯಿಂದ ಬಂದ ಹೆಂಗಸರಿಗೆ ಅದೇ ಪ್ರಶ್ನೆಯನ್ನು ತೆಲುಗಿನಲ್ಲಿ ಕೇಳುತ್ತಿದ್ದೆ. ಬಳ್ಳಾರಿ ಪೇಟೆಯ ಟೀಚರು, ನರ್ಸು, ಆಫೀಸರ ಹೆಂಡತಿಯರು ಮಾತ್ರ ನಾನು ಬಾಯಿ ತೆರೆಯುವ ಮೊದಲೇ ಕ್ಯಾಲೆಂಡರಿನ ತಾರೀಖು ಹೇಳುತ್ತಿದ್ದರು. ಅವರದನ್ನು ಮೇಡಂ ಹೇಳಿದಂತೆ ಎಣಿಸಿ ಬರೆಯುತ್ತಿದ್ದೆ. ಎರಡೂ ಬೇರೆ ಎಂದು ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಮೂರು ನಾಲ್ಕು ದಿನದಲ್ಲಿ ಏನು ಮುಳುಗಿಹೋಗುತ್ತದೆ ಎಂದುಕೊಂಡಿದ್ದೆ. ಸ್ವಲ್ಪ ದಿನಕ್ಕೆ ಅದೂ ಮರೆತುಹೋಯಿತು.

ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಮೇಡಂ ಗ್ರಾಫ್ ಹಾಳೆಯ ಮೇಲೆ, ಯಾವ ದಿನಕ್ಕೆ ಎಷ್ಟು ಕಿವಿ ಎಂದು, ಚುಕ್ಕಿ ಇಡುತ್ತ ಇಡುತ್ತ ಕೈ ನಿಲ್ಲಿಸಿದರು. ಪೇಟೆಯವರಿಗೆ ಕಪ್ಪು ಚುಕ್ಕಿ, ಹಳ್ಳಿಯವರಿಗೆ ಕೆಂಪು. ಕಪ್ಪು ಚುಕ್ಕಿಗಳು ಹತ್ತನೆಯ ದಿನದ ಹೊತ್ತಿಗೆ ಮೇಲೇಳುತ್ತಿದ್ದವು. ಕೆಂಪು ಚುಕ್ಕಿಗಳು ಆರರಲ್ಲೇ ಎದ್ದಿದ್ದವು. ಎರಡನೆಯ ಕಿವಿ ನಮ್ಮ ಹಳ್ಳಿಯ ಹೆಂಗಸರಲ್ಲಿ ನಾಲ್ಕು ದಿನ ಮೊದಲೇ ಬರುತ್ತದೆ! ಏಕಿರಬಹುದು? ಬಿಸಿಲೇ, ದುಡಿತವೇ, ಜೋಳವೇ? ಅವರು ತಮ್ಮಷ್ಟಕ್ಕೆ ಕೇಳಿಕೊಳ್ಳುತ್ತ ಆ ನೀಲಿ ಬೆಳಕಿನಲ್ಲಿ ಅತ್ತಿಂದಿತ್ತ ಓಡಾಡಿದರು. ಇದನ್ನು ಯಾರೂ ಎಲ್ಲೂ ನೋಡಿಲ್ಲ ಎಂದರು. ಆ ಮುಖವನ್ನು ಹಾಗೆ ನಾನು ಮತ್ತೆಂದೂ ಕಾಣಲಿಲ್ಲ...

ನನಗೋ ಹೆಮ್ಮೆಯೋ ಹೆಮ್ಮೆ. ಭಾನುವಾರ ಬಸ್ಸು ಹತ್ತಿ ಕುರುಗೋಡಿಗೆ ಹೋದವಳು ಅವ್ವನ ಮುಂದೆ ಕೊಚ್ಚಿಕೊಂಡೆ, ನಮ್ಮ ಹೆಂಗಸರ ಮೈಯೊಳಗಿನ ಕೋಶಗಳು ಪೇಟೆಯವರಿಗಿಂತ ಚುರುಕಂತೆ ಎಂದು. ಅವ್ವ ರೊಟ್ಟಿ ಬಡಿಯುತ್ತ, "ಎಲ್ಲಾದ್ರಾಗೂ ಮುಂದ ಅದೀವಿ ಬಿಡು, ಉಣ್ಣಾದ್ರಾಗ ಒಂದು ಹಿಂದ" ಎಂದಳು.

ಮೇಡಂ ಲೇಖನ ಬರೆದರು. ಬೆಂಗಳೂರಿನಲ್ಲಿ ಒಂದು ದೊಡ್ಡ ಸಭೆಯಲ್ಲಿ ಅದನ್ನು ಓದುವುದೆಂದು ಗೊತ್ತಾಯಿತು. ಆ ಪ್ರಯೋಗಾಲಯದಲ್ಲಿ ಒಂದು ಹುದ್ದೆ ಖಾಲಿಯಿತ್ತು. ಸಭೆಯಲ್ಲಿ ಲೇಖನ ಮೆಚ್ಚುಗೆಯಾದರೆ ಅದು ಆಕೆಗೇ ಎಂದು ಅಲ್ಲಿಯವರು ಸೂಚಿಸಿದ್ದರಂತೆ. ಅಲ್ಲಿಗೆ ಹೋದರೆ ಬೆಳಗಿನಿಂದ ಸಂಜೆಯವರೆಗೂ ಇದೇ ಕೆಲಸ, ಮಧ್ಯಾಹ್ನಕ್ಕಾಗಿ ಕಾಯಬೇಕಿಲ್ಲ ಎಂದು ಮೇಡಂ ಹೇಳಿಕೊಂಡಿದ್ದರು. ಆಕೆ ತನಗಾಗಿ ಏನನ್ನಾದರೂ ಬಯಸಿದ್ದನ್ನು ನಾನು ಕಂಡದ್ದು ಅದೊಂದೇ.

ಹೊರಡಲು ಹತ್ತು ದಿನವಿತ್ತು. ಟೈಪಾದ ಹಾಳೆಗಳನ್ನು ನಾನು ಗಟ್ಟಿಯಾಗಿ ಓದುವುದು, ಅವರು ಅಂಕಿಗಳನ್ನು ತಾಳೆ ನೋಡುವುದು. ನನ್ನ ಇಂಗ್ಲಿಷು ಎತ್ತಿನ ಬಂಡಿಯ ವೇಗದ್ದು. ಎರಡನೆಯ ಪುಟದಲ್ಲಿ ಒಂದು ಸಾಲು ಬಂತು, ರಕ್ತ ಕಂಡ ಮೊದಲ ದಿನವನ್ನು ಒಂದು ಎಂದು ಎಣಿಸಿದೆ ಎಂಬರ್ಥದ್ದು. ಓದಿದೆ. ಮುಂದಿನ ಸಾಲು ಬರಲಿಲ್ಲ. ಆರು... ಹತ್ತು... ನಾಲ್ಕು ದಿನ. ನಮ್ಮ ಮನೆಯಲ್ಲಿ ನೀರು ಹಾಕಿಕೊಳ್ಳುವುದೂ ನಾಲ್ಕನೆಯ ದಿನವೇ. ನಾನು ತಡೆದದ್ದು ಬಿಸಿಲಿಗೆ ಎಂದುಕೊಂಡು ಮೇಡಂ ತಾವೇ ಎದ್ದು ನೀರು ತಂದುಕೊಟ್ಟರು.

ಎರಡು ದಿನ ಸುಮ್ಮನಿದ್ದೆ. ಕೆಲಸ ಹೋದರೆ ಕುರುಗೋಡಿಗೆ ವಾಪಸು, ಸಿಕ್ಕಿದ ಗಂಡಿನ ಜೊತೆ ಮದುವೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಮೇಡಂಗೆ ಬೆಂಗಳೂರು ಸಿಗುತ್ತದೆ, ನಮ್ಮ ಹೆಂಗಸರ ಹೆಸರು ದೇಶಕ್ಕೆ ಗೊತ್ತಾಗುತ್ತದೆ. ಎಲ್ಲರಿಗೂ ಒಳ್ಳೆಯದೇ ಅಲ್ಲವೇ? ಹೀಗೆಲ್ಲ ನನಗೆ ನಾನೇ ವಕೀಲಿಕೆ ಮಾಡಿದೆ. ಅನ್ನ ಮಾತ್ರ ಇಳಿಯಲಿಲ್ಲ. ಮಾವನ ಮನೆಗೆ ಬಂದಿದ್ದ ಅವ್ವ ನನ್ನ ತಟ್ಟೆ ನೋಡಿ, ಏನಾಯಿತೆಂದು ಕೇಳಿ, ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಆಕಿ ನಿನ್ನ ನಂಬ್ಯಾಳ. ನಾಳೆ ನಾಕು ಮಂದ್ಯಾಗ ನಿಂತು ಮಾತಾಡಾಕಿ ಆಕಿ, ನೀನಲ್ಲ" ಎಂದಷ್ಟೇ ಹೇಳಿದಳು.

ಮಾರನೆಯ ಮಧ್ಯಾಹ್ನ ಹೇಳಿದೆ. ಕೋಶಗಳನ್ನು ತೊಳೆಯುತ್ತಿದ್ದ ಮೇಡಂ ಕೈ ನಿಲ್ಲಿಸಲಿಲ್ಲ. ಕೆಲಸ ಮುಗಿಸಿ, ಕೊಳವೆ ಮುಚ್ಚಿ, ಸಾಬೂನು ಹಚ್ಚಿ ಕೈ ತೊಳೆದುಕೊಂಡರು. ಬಹಳ ಹೊತ್ತು ತೊಳೆದುಕೊಂಡರು. ಬೈಗುಳಕ್ಕಾಗಿ ನಾನು ಕಾಯುತ್ತಿದ್ದೆ.

"ಎಲ್ಲರ ಮನೇಲೂ ನಾಲ್ಕನೇ ದಿನವೇ ನೀರು ಹಾಕ್ಕೊಳ್ಳೋದಾ?" ಎಂದರು.

ಅಲ್ಲರಿ ಎಂದೆ. ನಮ್ಮ ಮನೆಯಲ್ಲಿ ನಾಲ್ಕನೆಯ ದಿನ, ಕೆಲವರಲ್ಲಿ ಐದನೆಯ ದಿನ. ಲಿಂಗ ಕಟ್ಟಿದವರ ಎಷ್ಟೋ ಮನೆಗಳಲ್ಲಿ ಹೊರಗೆ ಕೂರುವುದೇ ಇಲ್ಲ, ಆದರೂ ಕೆಲವರು ಮೂರಕ್ಕೆ ನೀರು ಹಾಕಿಕೊಳ್ಳುತ್ತಾರೆ, ಕೆಲವರು ಮೊದಲ ದಿನವೇ. ಮೇಡಂ ಕಣ್ಣು ಮುಚ್ಚಿ ಕೇಳಿದರು. ಹಾಗಾದರೆ ಎಲ್ಲರಿಗೂ ಒಂದೇ ಅಂಕಿ ಕೂಡಿಸಲು ಬರುವುದಿಲ್ಲ, ಒಬ್ಬೊಬ್ಬರನ್ನೇ ಕೇಳಬೇಕು, ನಾಳೆ ರಜೆ ಹಾಕೋಣ ಎಂದರು.

ಎರಡು ದಿನ ಬಸ್ಸಿನಲ್ಲಿ ತಿರುಗಿದೆವು. ಕುರುಗೋಡು, ಸಿರುಗುಪ್ಪ, ತೆಕ್ಕಲಕೋಟೆ. ಕಾಲುವೆಯ ನೀರು ನಿಂತ ಗದ್ದೆಗಳಲ್ಲಿ ಆಕಾಶ ಬಿದ್ದಿತ್ತು, ಬಸ್ಸು ಅದರ ನಡುವೆ ತೇಲಿಕೊಂಡು ಹೋದಂತೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ... ಮೇಡಂ ಕಿಟಕಿಯ ಪಕ್ಕ, ಮಡಿಲಲ್ಲಿ ರಿಜಿಸ್ಟರು, ಹಣೆಯ ಕೂದಲು ಹಾರುತ್ತಿತ್ತು. ಮನೆ ಹುಡುಕಿಕೊಂಡು ಹೋದರೆ ಹೆಂಗಸರು ಡಾಕ್ಟರಮ್ಮ ಬಂದರೆಂದು ಗಂಡಸರನ್ನು ಹೊರಗೆ ಅಟ್ಟಿ, ಚಾಪೆ ಹಾಸಿ, ಮಂಡಾಳು, ಅಂದರೆ ಮಂಡಕ್ಕಿ, ಕೊಟ್ಟು ಕೂರಿಸುತ್ತಿದ್ದರು. ಬಾಗಿಲು ಮುಂದೆ ಮಾಡಿಕೊಂಡು ಹೆಂಗಸರೇ ಕುಳಿತ ಮೇಲೆ ಎಷ್ಟು ಮಾತು! ಯಾರ ಮನೆಯಲ್ಲಿ ಎಷ್ಟು ದಿನ, ಅತ್ತೆ ಇದ್ದಾಗ ಎಷ್ಟು, ಅತ್ತೆ ಸತ್ತ ಮೇಲೆ ಎಷ್ಟು, ಎಲ್ಲ ಹೇಳಿದರು. ಮೇಡಂ ನೆಲದ ಮೇಲೆ ಕುಳಿತು ನಕ್ಕು ನಕ್ಕು ಬರೆದುಕೊಂಡರು. ಆ ತೆಕ್ಕಲಕೋಟೆಯಾಕೆ ನನ್ನನ್ನು ತೋರಿಸಿ, "ಈ ಹುಡುಗಿ ನೀರು ಹಾಕ್ಕೊಂಡಿದ್ದು ಕೇಳಿದ್ಲು, ಹೇಳಿದ್ನಿರಿ. ಹೊರಗಾಗಿದ್ದು ಯಾವಾಗಂತ ಕೇಳಿದ್ರ ಅದನ್ನೂ ಹೇಳ್ತಿದ್ನಿ" ಎಂದಳು. ನಾಚಿಕೆ ಇದ್ದದ್ದು ಅವರಿಗಲ್ಲ, ನನಗೆ.

ವಾಪಸು ಬಂದು ಮೇಡಂ ಹೊಸ ಹಾಳೆಯಲ್ಲಿ ಚುಕ್ಕಿಗಳನ್ನು ಇಟ್ಟರು. ಕೆಂಪು ಚುಕ್ಕಿಗಳು ಒಂದೊಂದಾಗಿ ಸರಿದು ಕಪ್ಪು ಚುಕ್ಕಿಗಳ ಸಾಲಿನಲ್ಲಿ ಹೋಗಿ ಕುಳಿತವು. ಪೇಟೆಯಾದರೇನು ಹಳ್ಳಿಯಾದರೇನು, ಎಲ್ಲರ ಕೋಶವೂ ಒಂದೇ ಹೊತ್ತಿಗೆ ಕಿವಿ ತೆರೆಯುತ್ತಿತ್ತು. "ನೋಡು, ಕೋಶಗಳು ಸುಳ್ಳು ಹೇಳಿರಲಿಲ್ಲ" ಎಂದರು. ಬೇರೆ ದೇಶದವರು ಆಗಲೇ ಕಂಡುಕೊಂಡಿದ್ದೂ ಇದನ್ನೇ ಅಂತೆ. ಹೊಸದೇನೂ ಉಳಿಯಲಿಲ್ಲ.

ಅಲ್ಲೇ ಕುಳಿತು ಬೆಂಗಳೂರಿಗೆ ಪತ್ರ ಬರೆದು, ಅಂಚೆಗೆ ಹಾಕಲು ನನಗೆ ಕೊಟ್ಟರು. ಅದರಲ್ಲಿ ಇಷ್ಟೇ ಇತ್ತು: ಲೇಖನ ಹಿಂತೆಗೆದುಕೊಂಡಿದ್ದೇನೆ, ದಿನ ಕೇಳುವುದರಲ್ಲಿ ತಪ್ಪಾಗಿದೆ, ತಪ್ಪು ನನ್ನದು. ಓದಿ ತಲೆಯೆತ್ತಿದೆ. ಯಾಕೆ ಹೀಗೆ ಬರೆದಿರಿ ಎಂದೆ. ಕೇಳುವುದು ತನ್ನ ಕೆಲಸವಾಗಿತ್ತು, ಒಂದು ಸಲವಾದರೂ ಮಂಚದ ಹತ್ತಿರ ಬಂದು ನಿಂತಿದ್ದರೆ ಗೊತ್ತಾಗುತ್ತಿತ್ತು ಎಂದರು. ಪತ್ರ ಹಿಡಿದು ಅಂಚೆ ಡಬ್ಬಿಯ ತನಕ ನಡೆದೆ. ಪತ್ರ ಡಬ್ಬಿಗೆ ಬಿದ್ದ ಸದ್ದು ಕೇಳಿ ನನ್ನ ಎದೆ ಹಗುರಾಯಿತು. ಹಗುರಾದದ್ದಕ್ಕೇ ನನಗೆ ಇವತ್ತಿಗೂ ನಾಚಿಕೆ.

ಹುದ್ದೆ ಬೇರೆಯವರಿಗೆ ಹೋಯಿತು. ಮೇಡಂ ಬೆಳಗಿನ ಹೆರಿಗೆಗಳ ಜೊತೆ ಮಧ್ಯಾಹ್ನದ ಹೆರಿಗೆಗಳನ್ನೂ ವಹಿಸಿಕೊಂಡರು. ಕೆಲವು ತಿಂಗಳ ಮೇಲೆ ಬೆಂಗಳೂರಿನಿಂದ ಒಬ್ಬ ದೊಡ್ಡ ಡಾಕ್ಟರು ನಮ್ಮ ಲ್ಯಾಬು ನೋಡಲು ಬಂದರು. ಮೇಡಂ ಪಕ್ಕದಲ್ಲಿ ನಿಂತಿದ್ದಾಗಲೇ, ದಿನ ಎಣಿಸೋಕೆ ಬರದೆ ರಿಸೆಪ್ಟರ್ ಎಣಿಸೋಕೆ ಹೊರಟಿದ್ರಲ್ಲ ಎಂದು ನಕ್ಕರು. ಜೊತೆಗಿದ್ದವರೂ ನಕ್ಕರು. ಮೇಡಂ ಕೂಡ ಸಣ್ಣದಾಗಿ ನಕ್ಕರು. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಗಾಜಿನ ಕೊಳವೆಗಳನ್ನು ತೊಳೆಯುತ್ತಿದ್ದೆ. ತೊಳೆದ ಕೊಳವೆಯನ್ನೇ ಮತ್ತೆ ತೊಳೆದೆ. ತಪ್ಪು ನನ್ನದೆಂದು ಹೇಳಲಿಲ್ಲ.

ಎಂಬತ್ತರ ದಶಕದ ಮೊದಲಿಗೆ ಆಕೆ ಊರು ಬಿಟ್ಟು ಮೈಸೂರು ಕಡೆಗೆ ಹೋದರು. ಹೊರಡುವ ದಿನ ನನ್ನ ತಲೆ ಸವರಿ, ಕೆಲಸ ಬಿಡಬೇಡಮ್ಮ ಎಂದಿದ್ದರು. ಬಿಡಲಿಲ್ಲ. ನಿವೃತ್ತಿಯಾಗುವ ತನಕ ಅದೇ ಲ್ಯಾಬಿನಲ್ಲಿದ್ದೆ. ಎಷ್ಟೋ ಹುಡುಗಿಯರಿಗೆ ಕೆಲಸ ಕಲಿಸಿದೆ. ದಿನ ಕೇಳುವುದನ್ನು ಕಲಿಸುವಾಗ, ಹಿಂದೆ ಒಬ್ಬಳು ಹೀಗೆ ತಪ್ಪು ಮಾಡಿದ್ದಳು ಎಂದು ಹೇಳುತ್ತಿದ್ದೆ. ಒಬ್ಬಳು ಎನ್ನುತ್ತಿದ್ದೆ, ನಾನು ಎನ್ನುತ್ತಿರಲಿಲ್ಲ. ಪ್ರತಿ ಬೇಸಿಗೆಗೂ ಮೈಸೂರಿಗೆ ಹೋಗಿ ಅವರನ್ನು ನೋಡಿಬರಬೇಕೆಂದುಕೊಳ್ಳುತ್ತಿದ್ದೆ. ಬೇಸಿಗೆಯಲ್ಲಿ ಬಿಸಿಲು, ಮಳೆಗಾಲದಲ್ಲಿ ಮಳೆ... ನೆಪಕ್ಕೇನು ಬರವೇ? ಎರಡು ವರ್ಷದ ಹಿಂದೆ ಆಸ್ಪತ್ರೆಯ ಹಳಬರೊಬ್ಬರು ಸಿಕ್ಕು, ಮೇಡಂ ತೀರಿಹೋಗಿ ಆರು ತಿಂಗಳಾಯಿತಲ್ಲ, ನಿಮಗೆ ಗೊತ್ತಿಲ್ಲವೇ ಎಂದರು. ಗೊತ್ತಿರಲಿಲ್ಲ.

ಕೂಸು ಎದ್ದು ಅಳತೊಡಗಿತು. ತಂಗಿಯ ಮಗಳು ಅದನ್ನು ಎದೆಗೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಳು. ಯಾಕ ದೊಡ್ಡವ್ವ, ಕಣ್ಣಾಗ ನೀರು ಎಂದಳು. ಏನೂ ಇಲ್ಲ ಎನ್ನಲು ಹೋದೆ. ನಲವತ್ತು ವರ್ಷ ಹಾಗೇ ಎಂದಿದ್ದೆನಲ್ಲ, ನಾಲಿಗೆಗೆ ಅದೇ ರೂಢಿ. ಅವತ್ತು ಮಾತ್ರ ಬರಲಿಲ್ಲ.

"ಒಬ್ಬರ ಹೆಸರಿನ ಮ್ಯಾಲ ನನ್ನ ತಪ್ಪು ಕುಂತೈತವ್ವ" ಎಂದೆ. "ನಂದು ಅಂತ ಹೇಳಾಕ ಈಗ ಅವರೇ ಇಲ್ಲ."